ಎಂಟು ಕೊಟ್ಟು ಒಂದು

ಬಂದರಿನಲ್ಲಿ, ಒಣಮೆಣಸಿನ ಗೋದಾಮಿನ ಮೇಲೆ
ನನ್ನ ಫಿಸಿಯೋಥೆರಪಿ ಕೋಣೆ. ಕೆಳಗೆ ಮೂಟೆ ಬಿದ್ದರೆ
ಇಲ್ಲಿ ಸೀನು.

ಆಸ್ಪತ್ರೆಯಲ್ಲಿ ಹೊಲಿಸಿಕೊಂಡು, ಮೂರನೇ ತಿಂಗಳಿಗೆ
ಇದಿನಬ್ಬ ಮೆಟ್ಟಿಲು ಹತ್ತಿದ,
ಬಲಗೈಯನ್ನು ಎಡಗೈಯಲ್ಲಿ ಹೊತ್ತು,
ಯಾರದೋ ಸಾಮಾನಿನ ಹಾಗೆ.
ಲಕ್ಷದ್ವೀಪದ ಮಂಜಿಗೆ ಈರುಳ್ಳಿ ತುಂಬುವಾಗ
ಮೊಣಕೈಯೊಳಗೆ ಟಪ್ಪೆಂದಿತಂತೆ.
"ಹಗ್ಗ ಹರಿದ ಶಬ್ದ ನನಗೆ ಗೊತ್ತುಂಟು ಡಾಕ್ಟ್ರೆ,
ತಿರುಗಿ ನೋಡಿದರೆ ಹಗ್ಗವೇ ಇಲ್ಲ."

ಬಾಗಿಲನ್ನು ಬಿಜಾಗರಿಯ ಪಕ್ಕದಲ್ಲೇ ತಳ್ಳಲು ಹೇಳಿದೆ.
ಎಡಗೈಯಲ್ಲಿ ತಳ್ಳಿದ. ಬೆವರಿದ.
ನಿಮ್ಮ ಸ್ನಾಯು ಮೂಳೆಯನ್ನು ಹಿಡಿದದ್ದೂ ಹೀಗೆಯೇ,
ಕೀಲಿನಿಂದ ಎರಡೇ ಬೆರಳು ಆಚೆ.
ಭಾರ ಇರುವುದು ಒಂದೂವರೆ ಗೇಣು ದೂರ, ಅಂಗೈಯಲ್ಲಿ.
ಐದು ಕಿಲೋ ಎತ್ತಲು ಒಳಗಿನ ಹಗ್ಗ
ನಲವತ್ತು ಎಳೆಯಬೇಕು.
ಸನ್ನೆಕೋಲು ಎನ್ನುತ್ತಾರೆ.

"ನಾವು ಕಲ್ಲು ಮೀಟುವ ಹಾರೆ ಉಂಟಲ್ಲ, ಅದಾ?"
ಅದೇ. ತಿರುಗಾಮುರುಗಾ ಹಿಡಿದದ್ದು.

ಮಾಡಿನ ಹಂಚು ನೋಡುತ್ತ ಲೆಕ್ಕ ಹಾಕಿದ:
ಬೆನ್ನಿನದ್ದು ಬಿಡಿ, ಬರೀ ಕೈಯಲ್ಲಿ ಎತ್ತಿಕೊಟ್ಟದ್ದು,
ಮೂವತ್ತೊಂದು ವರ್ಷ, ಗುಣಿಸು ಎಂಟು.
"ಕೂಲಿ ಮಾತ್ರ ಒಂದರದ್ದೇ ಕೊಟ್ಟರಲ್ಲ!"

ಲಾಭದ ಸನ್ನೆಯೂ ಉಂಟು ಎಂದೆ, ಪಾದ.
ಬೆರಳ ಬುಡ ಊರಿ ಹಿಮ್ಮಡಿ ಎತ್ತಿದರೆ
ಮೈಯ ತೂಕ ನಡುವೆ, ಮೀನಖಂಡದ ಎಳೆತ ಹಿಂದೆ.
ಹಲಗೆ ಹತ್ತಿ ಮಂಜಿಗೆ ಏರುವಾಗ
ಅದೊಂದೇ ನಿಮ್ಮಿಂದ ಕಮ್ಮಿ ತೆಗೆದುಕೊಂಡದ್ದು.
ತಲೆಯಾಡಿಸಿದ.
ಕತ್ತಿನ ತುದಿಯ ಆ ತಕ್ಕಡಿಯ ಬಗ್ಗೆ
ನಾನೇನೂ ಹೇಳಲಿಲ್ಲ.

"ಮತ್ತೆ ಕೈಯನ್ನು ಯಾಕೆ ಹೀಗೆ ಮಾಡಿದ್ದು?"
ಮಾಡಿದವಳು ನಾನೇ ಎಂಬಂತೆ ಕೇಳಿದ.

ಸ್ನಾಯು ಬೆರಳಗಲ ಕುಗ್ಗಿದರೆ
ಅಂಗೈ ಗೇಣುದ್ದ ಏರುತ್ತದೆ.
ಬಲ ಕೊಟ್ಟು ದೂರ ಕೊಂಡದ್ದು, ವೇಗ ಕೊಂಡದ್ದು.
ಬೀಸುಬಲೆ ಎಸೆಯಲಿಕ್ಕೆ, ನೊಣ ಓಡಿಸಲಿಕ್ಕೆ,
ಬಸ್ಸು ಹೊರಟ ಮೇಲೂ ಕೈಬೀಸಲಿಕ್ಕೆ.
ಮೂಟೆಗೆಂದು ಮಾಡಿದ ಕೈಯಲ್ಲ ಇದು.

"ಸಾಹುಕಾರರಿಗೆ ಹೇಳಿ" ಎಂದ,
ನೀರು ತುಂಬಿದ ಅರ್ಧ ಲೀಟರ್ ಬಾಟಲಿಯನ್ನು
ಹನ್ನೆರಡನೇ ಸಲ ಎತ್ತುತ್ತ.

ಮಳೆಗಾಲ ಕಳೆದು ಮಂಜಿಗಳು ಮತ್ತೆ ಹೊರಟ ವಾರ
ಕಿಟಕಿಯಿಂದ ಕಂಡೆ.
ಲಾರಿಯ ಹಿಂದೆ ನಿಂತಿದ್ದಾನೆ ಇದಿನಬ್ಬ.
ಬರ್ಲಿ, ಬರ್ಲಿ, ಬರ್ಲಿ,
ಬಲಗೈ ಮೊಣಕೈಯಲ್ಲಿ ಮಡಚಿ, ಬಿಚ್ಚಿ,
ಸನ್ನೆ ಮಾಡುತ್ತಿದ್ದಾನೆ.
ಹೊಲಿದ ಹಗ್ಗದ ಬೆರಳಗಲ ಸೆಳೆತಕ್ಕೆ
ಹದಿನಾರು ಟನ್ನು ಹಿಂದೆ ಹಿಂದೆ ಬಂದು
ಅಂಗೈ ಎದ್ದಲ್ಲಿ ನಿಂತಿತು.

ಕೂಲಿ ಈಗ ಅರ್ಧ ಅಂತ
ಆಮೇಲೆ ಗೊತ್ತಾಯಿತು.