ತುಟಿ ಓದುವವರು

ನಾರ್ವಾದ ಬಸ್ ನಿಲ್ದಾಣದ ಹಿಂದಿನ ಹಳೇ ಬಟ್ಟೆಯಂಗಡಿಗೆ
ನಾನು ಹೋದದ್ದು ಕೋಟಿಗೆ.
ಗುಂಡಿ ಎಲ್ಲ ನೆಟ್ಟಗಿದ್ದ ಒಂದರ ಜೇಬಿಗೆ ಕೈ ಹಾಕಿದರೆ
ಪುಸ್ತಕ. ಬೆನ್ನು ಸವೆದದ್ದು,
ರಟ್ಟಿನ ಮೇಲೆ ಯಾರದೋ ಚಹಾ ಲೋಟದ ಉಂಗುರ.
‘ಕೋಟು ಬೇಡವೇ?’ ಅಂದಳು ಅಂಗಡಿಯ ಮಾರೆಟ್.
‘ಜೇಬು ಸಾಕು’ ಅಂದೆ.
ಐವತ್ತು ಸೆಂಟು.

ಪಾಂತೆಲೇ ಸವ್ವಿಚ್‌ನ ತನಿಖೆಗಳು, ಸಂಪುಟ ಮೂರು.
ಒಂದೂ ಎರಡೂ ಎಲ್ಲಿವೆಯೋ.
ಎಪ್ಪತ್ತಾದ ಮೇಲೆ ಎಲ್ಲವನ್ನೂ ಮೊದಲಿನಿಂದ
ಶುರು ಮಾಡುವ ಹಟ ಇರಬಾರದು.

ಸಾವಿರದ ಎಂಟುನೂರ ಅರವತ್ತೊಂಬತ್ತು, ಚಳಿಗಾಲ.
ಚಕ್ರವರ್ತಿಯ ಅಂಚೆ ಇಲಾಖೆಯ ಡೊಳ್ಳುಹೊಟ್ಟೆ ಇನ್‌ಸ್ಪೆಕ್ಟರು,
ಅರಗಿನ ಮುದ್ರೆಯ ಬಿರುಕು ನೋಡಿಯೇ ಸುಳ್ಳು ಹಿಡಿಯುವವನು.
ಎರಡು ಕಿವಿಯೂ ಕಲ್ಲು.
ಗವರ್ನರನ ಔತಣದಲ್ಲಿ ಬೆನ್ನು ತಿರುಗಿಸಿ ನಗುತ್ತಾರೆ,
ಅವನು ಕನ್ನಡಿಯಲ್ಲಿ ಅವರ ತುಟಿ ಓದುತ್ತ
ಸೂಪು ಕುಡಿಯುತ್ತಾನೆ.

ಒಂಬತ್ತನೇ ಅಧ್ಯಾಯದಲ್ಲಿ ಅವನು ನದಿದಂಡೆಯ ಗಿರಣಿಗೆ ಬಂದ.
ನೂಲಿನ ರಾಶಿಯ ಮೇಲೆ ಹೆಣ.
ಪೊಲೀಸರು ಕಿವಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತರು,
ಅವನೊಬ್ಬನೇ ಮಗ್ಗಗಳ ನಡುವೆ
ಮನೆಗೆ ಬಂದವನ ಹಾಗೆ ನಡೆದ.
ಅಲ್ಲಿ ಎಲ್ಲರೂ ಅವನಂತೆಯೇ ಮಾತಾಡುತ್ತಿದ್ದರು.

ನಾನು ಪುಸ್ತಕ ಮಡಿಲಿಗಿಟ್ಟು
ಸ್ವಲ್ಪ ಹೊತ್ತು ಗೋಡೆ ನೋಡಿದೆ.

ಮೂವತ್ತೊಂದು ವರ್ಷ. ಎದುರು ಮಗ್ಗದಲ್ಲಿ ತೈಸ್ಯಾ.
ಸಾರಿಗೆ ಎಷ್ಟು ಬೀಟ್‌ರೂಟು, ಮೇಸ್ತ್ರಿಯ ಹೊಸ ಹಲ್ಲು ಎಷ್ಟು ಚಂದ,
ಎಲ್ಲ ತುಟಿಯಿಂದ ತುಟಿಗೆ, ದಾರಗಳ ಮೇಲಿಂದ.
ಇಗ್ನಾತ್ ಸತ್ತ ಅಂತ ಹೇಳಿದ್ದೂ ಅವಳೇ,
ಮಗ್ಗ ನಿಲ್ಲಿಸದೆ.
ನನ್ನ ಗಂಡನ ಸಾವಿಗೆ ನನ್ನ ನೆನಪಿನಲ್ಲಿ
ದನಿಯೇ ಇಲ್ಲ.

ಬರೆದವನು ಒಂದು ಕಡೆ ಎಡವಿದ್ದಾನೆ: ನೇಕಾರ ಹುಡುಗಿಗೆ
ಹೆಗಲ ಮೇಲೆ ಕೂದಲು ಇಳಿಬಿಟ್ಟಿದ್ದಾನೆ!
ಪಟ್ಟಿ ಎಳೆದುಕೊಂಡರೆ ತಲೆ ಉಳಿಯುತ್ತದೆಯೇ?
ಪೆನ್ಸಿಲ್ ಹುಡುಕಿ ಅಂಚಿನಲ್ಲಿ ಬರೆದೆ:
ತಲೆಗೆ ಬಟ್ಟೆ ಕಟ್ಟೇ, ಹುಚ್ಚಿ.

ತೈಸ್ಯಾ ಈಗ ನದಿಯ ಆಚೆ, ಮಗಳ ಮನೆಯಲ್ಲಿ.
ಆಚೆ ಅಂದರೆ ಬೇರೆ ದೇಶ.
ಸೇತುವೆಯ ಸಾಲಿಗೆ ನನ್ನ ಮಂಡಿ ಒಪ್ಪುವುದಿಲ್ಲ.
ಫೋನು ಇದೆ, ಆದರೆ ಮಗ್ಗ ತಿಂದ ಕಿವಿಗೆ ಫೋನು ಬರೀ ಹಲಗೆ.
ಮೆಸೇಜಿನಲ್ಲಿ ಅವಳ ಕಾಗುಣಿತ ಕೊಲೆಗಿಂತ ಭೀಕರ.
ಅದರಲ್ಲೇ ತಿಳಿಸಿದಳು:
ಅಳಿಯನ ಶೆಡ್ಡಿನಲ್ಲಿ ಸಂಪುಟ ಒಂದು ಸಿಕ್ಕಿದೆ.

ಅಂದಿನಿಂದ ಭಾನುವಾರ ಹನ್ನೊಂದಕ್ಕೆ
ನಾನು ಈ ಕೋಟೆಯ ಕೆಳಗೆ, ಅವಳು ಆ ಕೋಟೆಯ ಕೆಳಗೆ,
ನಡುವೆ ಹೊಳೆ. ಇಬ್ಬರ ಕೈಯಲ್ಲೂ ದುರ್ಬೀನು.
ಅವಳು ಹೇಳುವಾಗ ನನ್ನದು ಮೇಲೆ, ನಾನು ಹೇಳುವಾಗ ಅವಳದು.
ಕದ್ದ ಅಂಚೆಚೀಲ, ಕುರುಡು ಬಂಡಿಗಾರ,
ಜಾಮಿನ ಜಾಡಿಯಲ್ಲಿ ಇಲಿಪಾಷಾಣ.
ಗಡಿ ಕಾವಲಿನ ಹುಡುಗ ಒಮ್ಮೆ ಬಂದು ಕೇಳಿದ:
‘ಅಜ್ಜಿ, ಏನು ನೋಡುತ್ತಿದ್ದೀರಿ?’
‘ಕೊಲೆ’ ಅಂದೆ.
ಅವನೂ ತನ್ನ ದುರ್ಬೀನು ಎತ್ತಿದ ಪಾಪ,
ಅಷ್ಟೂ ಹೊತ್ತು ಅವನಿಗೆ ಕಂಡದ್ದು
ಬಾಯಾಡಿಸುವ ಒಂದು ಮುದುಕಿ.

ನಿನ್ನೆ ಕೊನೆಯ ಅಧ್ಯಾಯ. ಹೊಳೆಯ ಮೇಲೆ ಮಂಜಿನ ಚೂರು ತೇಲುತ್ತಿತ್ತು.
ಇನ್‌ಸ್ಪೆಕ್ಟರು ಎದ್ದ, ಎಲ್ಲರನ್ನೂ ಕೂರಿಸಿದ,
ಬಾಗಿಲಿಗೆ ಚಿಲಕ ಹಾಕಿಸಿದ.
ಕೊಂದವನು, ಅಂದಳು ತೈಸ್ಯಾ,
ಕೊಂದವನು...

ಅಂದು, ಕೆಂಪು ಉಣ್ಣೆಯ ಕೈಚೀಲದಿಂದ
ಬಾಯಿ ಮುಚ್ಚಿಕೊಂಡಳು, ಹಾಳಾದವಳು.
ಭುಜ ಕುಲುಕುತ್ತಿತ್ತು. ನಗು
ಅಷ್ಟು ದೂರದಿಂದಲೂ ಓದಲು ಬಂತು.