ಎರಡು ನಿಮಿಷದ ಬಾಕಿ

ಯಾವ ಕೈ ಕಾಯಿ ನಡೆಸಿತೋ ಅದೇ ಕೈ ಗುಂಡಿ ಒತ್ತಬೇಕು.
ಒತ್ತಬೇಕು, ಗುದ್ದಬಾರದು; ಅದರೊಳಗೂ ಒಂದು ಸ್ಪ್ರಿಂಗು ಉಸಿರಾಡುತ್ತದೆ.
ಅವಸರದಲ್ಲಿ ನಿನ್ನ ತೋಳು ತಾಗಿ ಕುದುರೆ ಉರುಳಿದರೆ
ನಿನ್ನ ಹೊತ್ತಿನಲ್ಲೇ ಎತ್ತಿ ನಿಲ್ಲಿಸು, ನನ್ನದರಲ್ಲಲ್ಲ.
ಗುಂಡಿಯ ಮೇಲೆ ಹದ್ದಿನ ಹಾಗೆ ಬೆರಳು ಸುತ್ತಿಸಬೇಡ.

ಇಷ್ಟನ್ನು ಶವರ್ಶ್ ಹೇಳಿದ್ದು ಒಂದೇ ಸಲ,
ಯೆರೆವಾನಿನ ಪಾರ್ಕಿನಲ್ಲಿ, ಹಿಪ್ಪುನೇರಳೆ ಮರದಡಿ,
ಕಲ್ಲುಮೇಜಿಗೆ ಬಿದ್ದ ಹಣ್ಣಿನ ಕಲೆಯನ್ನು
ಅಂಗಿಯ ತೋಳಿಂದ ಒರೆಸುತ್ತ.
ಮಿಕ್ಕಿದ್ದನ್ನು ಆಡಿ ತೋರಿಸಿದ.
ಆನೆಗೆ ಆನೆ ಉಳಿದು ಬೇರೇನೂ ಉಳಿಯದಿದ್ದಾಗ,
ನನ್ನ ಮುಳ್ಳು ಕೆಂಪು ಬಾವುಟವನ್ನು ಆಗಲೇ ಎತ್ತಿ ಹಿಡಿದಿದ್ದಾಗ,
ತನ್ನಲ್ಲಿ ಇನ್ನೂ ಒಂದೂವರೆ ನಿಮಿಷ ಇಟ್ಟುಕೊಂಡು
ಕೈ ಚಾಚಿ "ಸಮ" ಅಂದ.
ಬೆಂಚಿನ ತುದಿಯಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ನೊರಾಯ್ರ್
"ಓಡಿಸಬಹುದಿತ್ತು ಅವನನ್ನ" ಎಂದು ಸಿಪ್ಪೆ ಉಗುಳಿದ.
"ಓಡಿಸೋದಕ್ಕೆ ಅವನೇನು ಕೋಳಿಯಾ?"

ಆ ಗಡಿಯಾರ ಅವನೇ ಜೋಡಿಸಿದ್ದು, ಕಾರ್ಖಾನೆ ಮುಚ್ಚುವ ಮುಂಚೆ.
ಎರಡು ಮುಖ, ಒಂದೇ ಹೊಟ್ಟೆ.
ಎಡಗಡೆಯದು ಸ್ವಲ್ಪ ನಿಧಾನ;
ಅದಕ್ಕೇ ಎಡಗಡೆ ಯಾವಾಗಲೂ ಎದುರಾಳಿಗೆ.

ಜೂನಿನ ಆ ಸಂಜೆ
ಅವನ ಒಂಟೆ ಬಂದು ನನ್ನ ರಾಜನ ಬಾಗಿಲಲ್ಲಿ ನಿಂತಿತು.
ಇನ್ನು ಮೂರು ನಡೆ, ನಾನು ಮುಗಿದೆ.
ಅವನ ಕೈ ಹಿಂದೆ ಸರಿಯಿತು, ಮಡಿಲಲ್ಲಿ ಹೋಗಿ ಕೂತಿತು,
ಗುಂಡಿ ಒತ್ತಲಿಲ್ಲ.

ಕಂಡೆ.
ಕಂಡು, ಗಲ್ಲಕ್ಕೆ ಕೈ ಕೊಟ್ಟೆ.
ಹುಬ್ಬು ಗಂಟಿಕ್ಕಿದೆ, ತುಟಿ ಕಚ್ಚಿದೆ,
ಯೋಚಿಸುವವನ ವೇಷಕ್ಕೆ ಏನೇನು ಬೇಕೋ ಎಲ್ಲ ತೊಟ್ಟೆ.
ಸಮಯಸಾಧಕ ಅನ್ನುವುದು ಬರೀ ಬೈಗುಳವೆಂದು ತಿಳಿದಿದ್ದೆ;
ಅದೊಂದು ಕೂರುವ ಭಂಗಿ.
ಸುರಿಯುತ್ತಿದ್ದುದು ಅವನ ಹೊತ್ತು.
ನಿಯಮ ನನ್ನ ಕಡೆಗಿತ್ತು: ಹೇಳಲೇಬೇಕೆಂದು ಎಲ್ಲೂ ಬರೆದಿಲ್ಲ.
ನೊರಾಯ್ರ್ ಬೀಜ ಸುಲಿಯುವುದನ್ನು ನಿಲ್ಲಿಸಿದ.
ಒಂದು ಹಣ್ಣು ಬಿತ್ತು, ಯಾರೂ ಒರೆಸಲಿಲ್ಲ.
ಎರಡು ನಿಮಿಷ.

ಬಾವುಟ ಬಿತ್ತು. ನಾನೇ ಹೇಳಿದೆ, "ಬಿತ್ತು."
ಅವನು ಗಡಿಯಾರ ನೋಡಿದ. ನನ್ನನ್ನು ನೋಡಲಿಲ್ಲ.
ಕೈ ಕುಲುಕಿದ. "ಆಳವಾಗಿ ಯೋಚಿಸ್ತೀಯ ನೀನು," ಅಂದ, ಅಷ್ಟೇ.
ಕೊಂಕಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು.

ಮರುದಿನ, ಕಾಯಿ ನಡೆಸಿ, ಬೇಕೆಂದೇ ಒತ್ತದೆ ಕೂತೆ.
ಸುರಿಯಲಿ ನನ್ನದು. ಬಾಕಿ ತೀರಲಿ.
ಅವನು ಕಾಯಿ ಮುಟ್ಟಲಿಲ್ಲ.
ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದ, ಊದಿದ,
ಬೆರಳಿಂದ ಮೇಜನ್ನು ಒಮ್ಮೆ ತಟ್ಟಿದ:
"ಒತ್ತು, ಮಗನೇ.
ನನ್ನ ಹೊತ್ತು ನನಗೆ ಸಾಕು."

ಒತ್ತಿದೆ.
ಯಾವ ಕೈಯಿಂದ ಅಂತ ನೆನಪಿಲ್ಲ.