ಎಲ್ ಆಲ್ಟೋದಿಂದ ಇಳಿದದ್ದು

ವಿಮಾನದಲ್ಲಿ ಹನ್ನೊಂದೇ ಜನ.
ಆಗಲೇ ಅರ್ಥವಾಗಬೇಕಿತ್ತು.

ಪಾಸ್‌ಪೋರ್ಟಿಗೆ ಮೊಹರು ಒತ್ತಿದ ಹುಡುಗ
ತಲೆಯೆತ್ತದೆ ಏನೋ ಅಂದ.
ಉರುಹೊಡೆದು ತಂದಿದ್ದ ಸ್ಪ್ಯಾನಿಷ್‌ನಲ್ಲಿ
ತುಂಬ ಸಂತೋಷ ಅಂದೆ.
ಹೊರಗೆ ಬಂದ ಮೇಲೆ ತಿಳಿಯಿತು,
ರಸ್ತೆ ಇಲ್ಲ ಅಂದಿದ್ದ.

ರಸ್ತೆ ಇತ್ತು.
ಅಡ್ಡಕ್ಕೆ ಒಂದು ಬಸ್ಸು ಮಲಗಿತ್ತು,
ಅದರಾಚೆ ಉರಿಯುವ ಟೈರು, ಅದರಾಚೆ
ಕಲ್ಲಿನ ಮೇಲೆ ಕಲ್ಲು, ಎಷ್ಟು ಓರಣವಾಗಿ,
ಯಾರೋ ಮನೆಗೆ ಪಾಯ ಹಾಕುತ್ತಿದ್ದಾರೆ ಅನ್ನಬೇಕು.

ನಾಲ್ಕು ಸಾವಿರ ಮೀಟರು. ಇಲ್ಲಿ
ಗಾಳಿಯೂ ಪಡಿತರ ಚೀಟಿಗೆ.
ಹತ್ತು ಹೆಜ್ಜೆಗೊಮ್ಮೆ ನಿಂತು
ಕೈಗಡ ಕೇಳುವವಳ ಹಾಗೆ ಉಸಿರು ಕೇಳುತ್ತಿದ್ದೆ.
ಸೂಟ್‌ಕೇಸಿನ ಚಕ್ರಕ್ಕೆ ಮಾತ್ರ ಸಂಕೋಚವಿಲ್ಲ,
ಬಂದಳು ಬಂದಳು ಬಂದಳು ಎಂದು
ಕಲ್ಲುಹಾಸಿನುದ್ದ ಡಂಗುರ.

ಕೆಳಗೆ ಲಾ ಪಾಸ್.
ಬೋಗುಣಿಯ ಒಳಮೈಗೆ ಅಂಟಿಕೊಂಡ ದೀಪಗಳು.
ಚೆಂದ ಅನ್ನಿಸಿ ನಾಚಿಕೆಯಾಯಿತು.
ಎಲ್ಲೋ ಪಟಾಕಿ.
ಮೂರನೆಯ ಸದ್ದಿಗೆ ನಾಯಿಗಳು ಬೊಗಳಲಿಲ್ಲ, ಓಡಿದವು.
ಆ ಊರಿನ ಭಾಷೆ ನಾಯಿಗಳಿಗೆ
ನನಗಿಂತ ಚೆನ್ನಾಗಿ ಬರುತ್ತಿತ್ತು.

ಕಿಸೆಯ ಪುಸ್ತಕದಲ್ಲಿ ಎಲ್ಲವೂ ಇತ್ತು.
ಶೌಚಾಲಯ ಎಲ್ಲಿದೆ, ಈ ಶಾಲಿಗೆಷ್ಟು,
ನನಗೆ ಖಾರ ಬೇಡ — ಅದನ್ನು ನಾನು ಸತ್ತರೂ ಹೇಳಲಾರೆ.
ನೀನು ಯಾರ ಕಡೆ ಅನ್ನುವುದಕ್ಕೆ ಮಾತ್ರ ಉತ್ತರವಿರಲಿಲ್ಲ.
ಆ ಪ್ರಶ್ನೆಯೇ ಇರಲಿಲ್ಲ.

ಅದನ್ನೇ ಕೇಳಿದರು.
ಉಣ್ಣೆ ಟೋಪಿಯನ್ನು ಗಲ್ಲದವರೆಗೆ ಎಳೆದುಕೊಂಡ ಮೂವರು.
ಒಬ್ಬನ ಕೈಯಲ್ಲಿ ಸಲಾಕೆ,
ಒಬ್ಬನ ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು.
ನಾನು ಬ್ರೆಡ್ಡನ್ನೇ ನೋಡುತ್ತ ನಿಂತೆ.
ಎಲ್ಲಿಯವಳು? ಯಾರು?
ನಾನು ಇಂಡಿಯಾ ಅನ್ನಬೇಕೆಂದುಕೊಂಡು
ಅವರ ಬಾಯಿಯ ತಿರುವು ಹಿಡಿದು
ಸೋಯ್ ಇಂದಿಯಾ, ಅಂದೆ.

ಟೈರು ಚಟಪಟ ಅಂದಿತು.
ಸಲಾಕೆಯವನು ಬ್ರೆಡ್ಡಿನವನ ಮುಖ ನೋಡಿದ.
ಬೆಂಕಿಯ ಆ ಬದಿಯಿಂದ ಮುದುಕಿಯೊಬ್ಬಳು,
ನೆತ್ತಿಯ ಮೇಲೆ ಜಾರದ ಪುಟ್ಟ ಟೋಪಿ, ಏಳು ಪದರದ ಲಂಗ,
ಎದ್ದು ಬಂದು ನನ್ನ ಗಲ್ಲ ಹಿಡಿದು
ದೀಪಕ್ಕೆ ತಿರುಗಿಸಿ ನೋಡಿದಳು,
ಬದನೆಕಾಯಿ ಆರಿಸುವಂತೆ.
ನಾನೂ, ಅಂದಳು. ನಕ್ಕಳು.
ಅವಳ ಹೆಸರು ಪ್ರಿಮಿತಿವಾ.

ನನ್ನ ಸೂಟ್‌ಕೇಸನ್ನು ಪಟ್ಟೆಪಟ್ಟೆ ಬಟ್ಟೆಯಲ್ಲಿ ಸುತ್ತಿ
ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡಳು.
ಚಕ್ರ ಬಾಯಿ ಮುಚ್ಚಿತು.
ಮೂಗಿಗೆ ವಿನೆಗರ್ ಅದ್ದಿದ ಚಿಂದಿ ಕೊಟ್ಟಳು,
ದವಡೆಗೆ ಒಂದು ಚಿಟಿಕೆ ಕೋಕಾ ಎಲೆ.
ಮೆಟ್ಟಿಲು, ಮೆಟ್ಟಿಲು, ಮತ್ತೆ ಮೆಟ್ಟಿಲು.
ತಲೆಯ ಮೇಲೆ ನಿಂತುಹೋದ ಕೇಬಲ್ ಕಾರುಗಳು
ಖಾಲಿ ತೂಗಾಡುತ್ತಿದ್ದವು.
ಒಂದು ತಿರುವಿನಲ್ಲಿ ಹೊಗೆ ಬಂತು.
ಅತ್ತೆವು, ಇಬ್ಬರೂ, ಏನೂ ದುಃಖವಿಲ್ಲದೆ.

ಹೋಟೆಲಿನ ಶಟರಿಗೆ ಅಂಗೈಯಿಂದ ಬಡಿದಳು.
ಇಪ್ಪತ್ತು ಬೊಲಿವಿಯಾನೋ ಕೇಳಿ
ಎರಡು ಸಲ ಎಣಿಸಿ
ಬೆಂಕಿಯ ಕಡೆಗೆ ಹತ್ತಿಹೋದಳು.
ಉಸಿರಿಗೆ ಒಂದು ಸಲವೂ ನಿಲ್ಲಲಿಲ್ಲ.

ಬೆಳಿಗ್ಗೆ ಚಹಾ ತಂದ ಯೊಸೆಲಿನ್‌ಗೆ
ತಮಾಷೆಯ ಹಾಗೆ ಹೇಳಿದೆ.
ಅವಳು ಬಾಗಿಲು ಮುಂದೆ ಮಾಡಿ ಬಂದಳು.
ಅದು ದೇಶದ ಹೆಸರಲ್ಲ ಸೆನ್ಯೋರಾ, ಬೈಗುಳ.
ದೊಡ್ಡವರ ಕಾರಿನ ಕಿಟಕಿಯಿಂದ
ನನ್ನ ಅಜ್ಜಿಯ ಮೇಲೆ ಉಗುಳಿದ್ದು.
ಅಜ್ಜಿಯಂಥವರು ಈಗ ಅದನ್ನೇ ಒರೆಸಿ
ಹಾಕಿಕೊಂಡು ಓಡಾಡುತ್ತಾರೆ.

ಅಂಥ ಪದಗಳು ನನ್ನ ಭಾಷೆಯಲ್ಲೂ ಇವೆ.
ನನ್ನ ಮೇಲೆ ಯಾರೂ ಎಸೆದಿಲ್ಲ.
ನಮ್ಮ ಜಗಲಿಯಿಂದ ಆಚೆಗೆ ಎಸೆಯುತ್ತಿದ್ದರು,
ನಾನು ಪಕ್ಕದಲ್ಲಿ ಕೂತು ಕಡಲೆಬೀಜ ಸುಲಿಯುತ್ತಿದ್ದೆ.
ಪ್ರಿಮಿತಿವಾಗೆ ಅದು ಹೇಗೆ ಗೊತ್ತಾಗಬೇಕು?
ನಾನೂ ಅಂದಳಲ್ಲ.

ಕೆಳಗೆ ಮತ್ತೆ ಪಟಾಕಿ. ಪಟಾಕಿಯಲ್ಲ.
ಯೊಸೆಲಿನ್ ದಪ್ಪ ರಿಜಿಸ್ಟರು ಬಿಡಿಸಿ
ಬೆರಳಿಟ್ಟು ತೋರಿಸಿದಳು.
ಹೆಸರು. ಎಲ್ಲಿಂದ. ಎಷ್ಟು ದಿನ.
ಕೊನೆಯ ಮನೆಯಲ್ಲಿ ರಾಷ್ಟ್ರೀಯತೆ.
ಬರೆಯುವಾಗ ಕೈ ಸ್ವಲ್ಪ ನಡುಗಿತು.
ಎತ್ತರಕ್ಕೆ ಇರಬೇಕು.